ಹಳ್ಳ ನಿಂತ ಮೇಲೂ



ನಾನು ಅರಿವಳಿಕೆ ತಜ್ಞ. ನಮ್ಮ ಕಡೆಯವರ ಮಾತಿನಲ್ಲಿ ‘ಮತ್ತು ಕೊಡೋ ಡಾಕ್ಟ್ರು’. ತಡವಾಗಿ ಕಲಿತ ಒಂದು ಪಾಠವನ್ನು ಇವತ್ತು ವೈದ್ಯ ಪದವಿ ಪಡೆಯುತ್ತಿರುವ ನೀವು ಬೇಗ ಕಲಿಯಬೇಕೆಂಬ ಆಸೆಯಿಂದ ಇಲ್ಲಿ ನಿಂತಿದ್ದೇನೆ.

ಎಂ.ಡಿ. ಮುಗಿಸಿದ ಹೊಸತು. ಮಧುಗಿರಿ ಕಡೆಯ ತಾಯಿಯೊಬ್ಬರಿಗೆ ನಾಲ್ಕು ಗಂಟೆಯ ಶಸ್ತ್ರಚಿಕಿತ್ಸೆ. ಐಸೋಫ್ಲುರೇನ್ ಎಂಬ ಮತ್ತಿನ ಅನಿಲ ಕೊಟ್ಟಿದ್ದೆ. ಕೊನೆಯ ಹೊಲಿಗೆ ಬಿದ್ದ ಮೇಲೆ ಡಯಲ್ಲನ್ನು ಸೊನ್ನೆಗೆ ತಿರುಗಿಸಿದೆ. ಅವರು ಏಳಲಿಲ್ಲ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಓಟಿ ಬಾಗಿಲಿನಾಚೆ ಮಗ ಕೇಳುತ್ತಲೇ ಇದ್ದ: ‘ಸಾರ್, ಅಮ್ಮನಿಗೆ ಎಚ್ಚರ ಆಯ್ತಾ?’ ಮುಕ್ಕಾಲು ಗಂಟೆಯ ನಂತರ ಕಣ್ಣು ಬಿಟ್ಟರು, ಚೆನ್ನಾಗಿಯೇ ಮನೆಗೆ ಹೋದರು. ಆದರೆ ಆ ಹುಡುಗನಿಗೆ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ. ಐಸೋಫ್ಲುರೇನ್ ರಕ್ತದಲ್ಲಿ ಕರಗುವ ಪ್ರಮಾಣ 1.4, ಹ್ಯಾಲೋಥೇನ್‌ದು 2.4, ಹಳೆಯ ಈಥರ್‌ದು 12 ಎಂದು ಪರೀಕ್ಷೆಯಲ್ಲಿ ಒಪ್ಪಿಸಿ ಬಂದವನು ನಾನು. ಅಂಕಿಗಳೆಲ್ಲ ಬಾಯಿಗೆ ಬರುತ್ತಿದ್ದವು. ಅನಿಲ ಮೈಯೊಳಗೆ ಎಲ್ಲಿ ಕೂತಿದೆ ಎನ್ನುವುದು ಮಾತ್ರ ಕಣ್ಣಿಗೆ ಕಂಡಿರಲಿಲ್ಲ.

ಅದು ಕಂಡದ್ದು ವರ್ಷಗಳ ಮೇಲೆ, ಒಂದು ಕಂಪ್ಯೂಟರ್ ಪರದೆಯಲ್ಲಿ. ಬಾಸ್ಟನ್ನಿನ ಅರಿವಳಿಕೆ ವೈದ್ಯ ಜೇಮ್ಸ್ ಫಿಲಿಪ್ 1980ರ ದಶಕದಲ್ಲಿ ‘ಗ್ಯಾಸ್ ಮ್ಯಾನ್’ ಎಂಬ ಪ್ರೋಗ್ರಾಂ ರೂಪಿಸಿದರು. ಪರದೆಯ ಮೇಲೆ ಸಾಲಾಗಿ ಪೆಟ್ಟಿಗೆಗಳು: ಉಸಿರಿನ ಕೊಳವೆ, ಶ್ವಾಸಕೋಶ, ಮಿದುಳು ಹೃದಯಗಳಂಥ ಅಂಗಗಳ ಗುಂಪು, ಸ್ನಾಯು, ಕೊಬ್ಬು. ಡಯಲ್ ತಿರುಗಿಸಿದರೆ ಒಂದೊಂದರಲ್ಲೂ ಅನಿಲದ ಮಟ್ಟ ಏರುವುದು ಕಾಣುತ್ತದೆ. ಗಂಟೆಗಳ ಲೆಕ್ಕ ನಿಮಿಷಗಳಲ್ಲಿ ಮುಗಿಯುತ್ತದೆ.

ನೋಡಿದ ಕೂಡಲೇ ನನಗೆ ನಮ್ಮೂರ ಕೆರೆ ನೆನಪಾಯಿತು. ಹಳ್ಳದಲ್ಲಿ ಬರುವ ನೀರು ನಾವು ಕೊಡುವ ಅನಿಲ, ಕೆರೆ ಶ್ವಾಸಕೋಶ, ತೂಬಿನಿಂದ ಹೊರಡುವ ಕಾಲುವೆ ರಕ್ತ. ಮಿದುಳಿರುವ ಗುಂಪು ತೂಬಿನ ಬಾಯಲ್ಲೇ ಇರುವ ಗದ್ದೆ. ಮೈತೂಕದಲ್ಲಿ ಹತ್ತನೆಯ ಒಂದು ಪಾಲಿದ್ದರೂ ಹೃದಯ ದೂಡುವ ರಕ್ತದ ಮುಕ್ಕಾಲು ಭಾಗ ಅದಕ್ಕೇ. ಸ್ನಾಯು ನಡುವಿನ ದೊಡ್ಡ ಬಯಲು. ಕೊಬ್ಬು ಅಚ್ಚುಕಟ್ಟಿನ ಕಟ್ಟಕಡೆಯ ಹೊಲ: ಸಿಗುವುದು ಸಣ್ಣ ಧಾರೆ, ಎಷ್ಟು ಬಂದರೂ ಕುಡಿಯುತ್ತದೆ. ಹೆದರಿದ ರೋಗಿಯ ಹೃದಯ ಜೋರಾಗಿ ಓಡಿದರೆ ಮತ್ತು ಬೇಗ ಬರಬೇಕಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಬರುವುದಿಲ್ಲ. ತೂಬು ಅಗಲವಾದಷ್ಟೂ ಕೆರೆ ತುಂಬುವುದು ತಡ, ಕೆರೆಯ ಮಟ್ಟ ಏರದೆ ಗದ್ದೆಯ ಮಟ್ಟವೂ ಏರದು. ಪುಸ್ತಕದಲ್ಲಿ ಮೂರು ಸಲ ಓದಿ ನಂಬದವರು ಪರದೆಯಲ್ಲಿ ಒಂದು ಅಂಕಿ ಬದಲಿಸಿ ನೋಡಿದರೆ ನಂಬುತ್ತಾರೆ.

ಒಂದು ಕಡೆ ಮಾತ್ರ ಈ ಹೋಲಿಕೆ ನಡೆಯದು. ಬಯಲು ಕುಡಿದ ನೀರು ಕೆರೆಗೆ ಮರಳುವುದಿಲ್ಲ. ಮೈ ಕುಡಿದ ಅನಿಲ ಮರಳುತ್ತದೆ. ಆ ತಾಯಿಯ ಪ್ರಕರಣವನ್ನು ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ. ನಾಲ್ಕು ಗಂಟೆಯಲ್ಲಿ ಸ್ನಾಯುವಿನ ಪೆಟ್ಟಿಗೆ ತುಂಬುತ್ತಾ ಬಂದಿತ್ತು. ಹಳ್ಳ ನಿಂತ ಮೇಲೂ ಅಲ್ಲಿಂದ ಅನಿಲ ರಕ್ತಕ್ಕೆ ಬರುತ್ತಿತ್ತು, ಮಿದುಳನ್ನು ಮಲಗಿಸಿಯೇ ಇಟ್ಟಿತ್ತು. ಕೊನೆಯ ಅರ್ಧ ಗಂಟೆಯಲ್ಲಿ ಡಯಲ್ಲನ್ನು ಇಳಿಸುತ್ತಾ ಬಂದಿದ್ದರೆ ಆ ಮಗ ಅಷ್ಟು ಹೊತ್ತು ಬಾಗಿಲಲ್ಲಿ ನಿಲ್ಲಬೇಕಾಗಿರಲಿಲ್ಲ.

ಇದನ್ನು ನಿಮಗೇ ಯಾಕೆ ಹೇಳುತ್ತಿದ್ದೇನೆ? ನಿಮ್ಮಲ್ಲಿ ಕೆಲವರು ತಾಲ್ಲೂಕು ಆಸ್ಪತ್ರೆಗೆ ಹೋಗುತ್ತೀರಿ. ಎಂಬಿಬಿಎಸ್ ವೈದ್ಯರಿಗೆ ಸರ್ಕಾರ ಕೊಡುವ ಜೀವರಕ್ಷಕ ಅರಿವಳಿಕೆ ತರಬೇತಿಗೂ ಕೆಲವರು ಸೇರುತ್ತೀರಿ. ಅಲ್ಲಿ ಸಿಸೇರಿಯನ್‌ಗೆ ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಸಾಕು. ಆದರೆ ಒಂದು ರಾತ್ರಿ ವಿಪರೀತ ರಕ್ತ ಹೋಗುತ್ತಿರುವ ಬಸುರಿ ಬರುತ್ತಾಳೆ, ಬೆನ್ನಿಗೆ ಕೊಡುವಂತಿಲ್ಲ. ಸುತ್ತಲೂ ಹೆಚ್ಚುಕಡಿಮೆ ಆಂಧ್ರವೇ ಇರುವ ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರ್. ಆಗ ಗ್ಯಾಸ್ ಕೊಡಬೇಕಾದವರು ನೀವೇ. ಬಸುರಿಯಲ್ಲಿ ಅನಿಲ ಬೇಗ ಏರುತ್ತದೆ, ಕಡಿಮೆ ಸಾಕಾಗುತ್ತದೆ. ಹೆಚ್ಚಾದರೆ ಗರ್ಭಕೋಶ ಸಡಿಲವಾಗಿ ರಕ್ತಸ್ರಾವ ಇನ್ನೂ ಹೆಚ್ಚುತ್ತದೆ. ಅಪರೂಪಕ್ಕೆ ಬರುವ ಇಂಥ ಕೆಲಸಕ್ಕೆ ಕೈ ಪಳಗುವುದು ಹೇಗೆ? ಪರದೆಯ ಹುಸಿ ರೋಗಿಯ ಮೇಲೆ ನೂರು ಸಲ ತಪ್ಪು ಮಾಡಿಯೇ.

ಆ ಹುಸಿ ರೋಗಿ ಕೆಮ್ಮುವುದಿಲ್ಲ, ಅವನ ಗಂಟಲು ಬಿಗಿಯುವುದಿಲ್ಲ, ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬರುವುದಿಲ್ಲ. ಅದನ್ನೆಲ್ಲ ಹಿರಿಯರ ಪಕ್ಕದಲ್ಲಿ ನಿಂತೇ ಕಲಿಯಬೇಕು. ಪರದೆಯ ರೋಗಿಯ ತೂಕ ನೀವು ಬದಲಿಸದಿದ್ದರೆ 70 ಕೆ.ಜಿ. ಎಂದೇ ಇರುತ್ತದೆ, ನಿಮ್ಮ ಮುಂದೆ ಮಲಗುವ ಹೆಣ್ಣುಮಗಳು 45 ಕೆ.ಜಿ. ಇರಬಹುದು. ಅವಳ ತೂಕ ಹಾಕಿ ನೋಡಿ.

ಡ್ಯೂಟಿ ರೂಮಿನಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಳ್ಳಿ. ನಾಳೆಯ ಕೇಸನ್ನು ಹಿಂದಿನ ಸಂಜೆಯೇ ಅದರಲ್ಲಿ ನಡೆಸಿ, ಸ್ಟಾಫ್ ನರ್ಸನ್ನೂ ಓಟಿ ಟೆಕ್ನಿಶಿಯನ್ನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಮರುದಿನ ಬಾಗಿಲಾಚೆ ಕೂತವರಿಗೆ ಅದೇ ಹೊತ್ತನ್ನು ಮೊದಲೇ ಹೇಳಿ.