ತತ್ತಿ ಇಡುವ ಮುಂಚೆ ಕೋಳಿಗೆ ಏನು ಹಾಕಬೇಕು?



ಆಳಂದ, ಅಫಜಲಪುರ, ಜೇವರ್ಗಿ ಕಡೆ ಅನೇಕ ಮನೆಗಳ ಅಂಗಳದಲ್ಲಿ ಕೋಳಿ ಇವೆ. ತತ್ತಿ ಮಾರಿದ ರೊಕ್ಕ ನಮ್ಮ ಕೈಗೆ ಬರುತ್ತದೆ. ಮಕ್ಕಳಿಗೂ ತತ್ತಿ ಸಿಗುತ್ತದೆ. ಕೋಳಿ ಲಗೂನ ತತ್ತಿ ಇಡಲಿ ಎಂದು ಕೆಲವರು ಪುಡಿ, ಟಾನಿಕ್ ತಂದು ಹಾಕುತ್ತಾರೆ. ಅದಕ್ಕೂ ಮುಂಚೆ ಒಂದು ಮಾತು ಕೇಳ್ರಿ. ಕೋಳಿಗೆ ವಯಸ್ಸು ನೋಡಿ ಮೇವು ಹಾಕಬೇಕು.

ಎರಡು ತಿಂಗಳಿಂದ ಐದು ತಿಂಗಳವರೆಗೆ ಕೋಳಿಯ ಮೈ, ಎಲುಬು ಬೆಳೆಯುತ್ತವೆ. ಜೋಳ, ಸಜ್ಜಿ ಶಕ್ತಿ ಕೊಡುತ್ತವೆ. ಅಷ್ಟೇ ಸಾಲದು. ಮೈ ತುಂಬಲು ತೊಗರಿ ನುಚ್ಚು, ಶೇಂಗಾ ಹಿಂಡಿ ಬೇಕು. ನುಗ್ಗಿ ತಪ್ಪಲ ನೆರಳಲ್ಲಿ ಒಣಗಿಸಿ ಪುಡಿ ಮಾಡ್ರಿ. ಒಂದು ಕಿಲೋ ಕಾಳಿಗೆ ಒಂದು ಹಿಡಿ ಸಾಕು. ಬೂಸ್ಟು ಹಿಡಿದ ಹಿಂಡಿ ಮಾತ್ರ ಹಾಕಬ್ಯಾಡ್ರಿ. ಅದರಲ್ಲಿ ವಿಷ ಇರುತ್ತದೆ. ಕೋಳಿಯ ಯಕೃತ್ತು ಕೆಡುತ್ತದೆ.

ಇನ್ನು ಸುಣ್ಣದ ಅಂಶ. ಇದಕ್ಕೆ ಕ್ಯಾಲ್ಸಿಯಂ ಅನ್ನುತ್ತಾರೆ. ಒಂದು ತತ್ತಿಯ ಸಿಪ್ಪೆಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಆದರೆ ತತ್ತಿ ಇಡದ ಎಳೆ ಕೋಳಿಗೆ ಅಷ್ಟು ಕೊಟ್ಟರೆ ಅದರ ಮೂತ್ರಪಿಂಡ ಕೆಡುತ್ತದೆ. ತತ್ತಿ ಇಡಲು ಶುರು ಮಾಡಿದ ಮೇಲೆ ಕೊಡ್ರಿ. ತತ್ತಿಯ ಸಿಪ್ಪೆ ಕುದಿಸಿ, ಒಣಗಿಸಿ, ಸಣ್ಣಗೆ ಕುಟ್ರಿ. ಬೇರೆ ಬಟ್ಟಲಲ್ಲಿ ಇಡ್ರಿ. ಬೇಕಾದಷ್ಟು ಕೋಳಿಯೇ ತಿನ್ನುತ್ತದೆ. ಎಲೆಗೆ ಹಚ್ಚುವ ಸುಣ್ಣ ಹಾಕಬ್ಯಾಡ್ರಿ.

ಕೆಲವರು ಬೆಳೆಯಲಿ ಎಂದು ರೋಗದ ಔಷಧವನ್ನೇ ಮೇವಿಗೆ ಬೆರೆಸುತ್ತಾರೆ. ಇದು ತಪ್ಪು. ದಿನಾ ಔಷಧ ತಿಂದರೆ ರೋಗಾಣು ಅದಕ್ಕೆ ಬಗ್ಗುವುದಿಲ್ಲ. ನಾಳೆ ನಮ್ಮ ಮಕ್ಕಳಿಗೆ ಜಡ್ಡು ಬಂದರೆ ಅದೇ ಔಷಧ ಕೆಲಸ ಮಾಡದಿರಬಹುದು. ಕೋಲಿಸ್ಟಿನ್ ಅಂಥ ಒಂದು ಔಷಧ. ಬೇರೆ ಔಷಧ ನಡೆಯದಾಗ ಮನುಷ್ಯರಿಗೆ ಕೊಡುವಂಥದ್ದು. ಅದನ್ನು ಕೋಳಿಗೆ, ಮೇವಿಗೆ ಬಳಸಬಾರದು ಎಂದು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು.

ಕೊಕ್ಕರೆ ರೋಗಕ್ಕೂ ಯಾವ ಪುಡಿಯೂ ಮದ್ದಲ್ಲ. ಲಸಿಕೆಯೇ ಬೇಕು. ಮರಿಯ ಮೊದಲ ವಾರದಲ್ಲಿ ಒಮ್ಮೆ, ಎರಡು ತಿಂಗಳಾದಾಗ ಮತ್ತೊಮ್ಮೆ ಹಾಕಿಸ್ರಿ.

ಈಗ ನಮಗೆ ಓದು ಬರುತ್ತದೆ. ಮೇವಿನ ಚೀಲ ಕೊಳ್ಳುವಾಗ ಮೇಲಿನ ಚೀಟಿ ಓದ್ರಿ. ‘ಗ್ರೋವರ್’ ಎಂದರೆ ಬೆಳೆಯುವ ಕೋಳಿಗೆ. ‘ಲೇಯರ್’ ಎಂದರೆ ತತ್ತಿ ಇಡುವ ಕೋಳಿಗೆ. ತಾರೀಖು ನೋಡ್ರಿ. ಇಂಗ್ಲಿಷ್ ಇದ್ದರೆ ಓದಿಸಿ ಕೇಳ್ರಿ. ತಿಳಿಯದ್ದನ್ನು ಪಶು ಆಸ್ಪತ್ರೆಯಲ್ಲಿ ಕೇಳ್ರಿ. ಕೇಳದೆ ರೊಕ್ಕ ಕೊಡಬ್ಯಾಡ್ರಿ.