ಹತ್ತು, ಹತ್ತು, ಹತ್ತು: ಒಟ್ಟು ಮೂವತ್ತೊಂದು!

ಇವತ್ತಿನ ವಿಷಯ ದಶಮಾಂಶ ಸಂಖ್ಯೆಗಳು. ಫಾರ್ಮ್ಯಾಟ್ ಮಾಡೋದಕ್ಕೂ ರೌಂಡ್ ಮಾಡೋದಕ್ಕೂ ಏನು ವ್ಯತ್ಯಾಸ? ಎರಡೂ ಒಂದೇ ಅಂತ ನಾನೂ ಅಂದುಕೊಂಡಿದ್ದೆ, ಸಿಯಾಲ್ದಾದಲ್ಲಿ ಬೈಸಿಕೊಳ್ಳೋವರೆಗೆ.

ಆಗ ನಾನು ಕೋಲ್ಕತ್ತಾದಲ್ಲಿ ಕೆಲಸದಲ್ಲಿದ್ದೆ. ರೂಮು ಸಿಯಾಲ್ದಾ ಸ್ಟೇಷನ್ ಹತ್ತಿರ. ಅಲ್ಲೇ ಕೋಲೆ ಮಾರ್ಕೆಟ್, ತರಕಾರಿಯ ದೊಡ್ಡ ಸಗಟು ಪೇಟೆ. ಅದರ ಹೊರಗೆ ಚಿಲ್ಲರೆ ತರಕಾರಿ ಮಾರುತ್ತಿದ್ದ ಒಬ್ಬರಿಗೆ ಪೈಥಾನ್‌ನಲ್ಲಿ ಬಿಲ್ ಮಾಡೋ ಪ್ರೋಗ್ರಾಂ ಬರೆದುಕೊಟ್ಟೆ. ಅವರನ್ನ ದಾದಾ ಅಂತಿದ್ದೆ. "ಪೈಸೆ ಬೇಡ, ರೂಪಾಯಿ ಮಾತ್ರ ಕಾಣಲಿ" ಅಂದ್ರು. ನಾನು ಎಫ್-ಸ್ಟ್ರಿಂಗ್ ಹಾಕಿ ಪೈಸೆ ಮರೆಮಾಡಿದೆ.

ಮೂರನೇ ದಿನ ಜಗಳ. ಗಿರಾಕಿ ಮೂರು ತರಕಾರಿ ತಗೊಂಡಿದ್ರು. ಬಿಲ್‌ನಲ್ಲಿ 10, 10, 10. ಒಟ್ಟು 31! ದಾದಾ ನನ್ನನ್ನ ಕರೆಸಿ, "ಒಂದು ರೂಪಾಯಿ ಹೋಗ್ಲಿ ಭಾಯಿ, ಹತ್ತು ಜನರ ಮುಂದೆ ಕಳ್ಳ ಅನ್ನಿಸಿಕೊಂಡೆನಲ್ಲ" ಅಂದ್ರು.

ಆಗಿದ್ದು ಇಷ್ಟೇ. ಒಂದೊಂದರ ಬೆಲೆ 10.40. ಫಾರ್ಮ್ಯಾಟ್ ಮಾಡಿದಾಗ ಕಾಣೋದು 10, ಒಳಗೆ ಇರೋದು 10.40. ಕೂಡಿದ್ರೆ 31.20, ಕಾಣೋದು 31. ಫಾರ್ಮ್ಯಾಟ್ ಬರೀ ತೋರಿಸುತ್ತೆ, ಬೆಲೆಯನ್ನ ಮುಟ್ಟಲ್ಲ. ಅದು ಕೊಡೋದು ಅಕ್ಷರಗಳ ಸಾಲು. "10.50" ಮತ್ತು "10.50" ಕೂಡಿಸಿ ನೋಡಿ, "10.5010.50" ಬರುತ್ತೆ. ರೌಂಡ್ ಕೊಡೋದು ಹೊಸ ಸಂಖ್ಯೆ. ಅದನ್ನ ಇಟ್ಟುಕೊಂಡ್ರೆ ಮುಂದಿನ ಲೆಕ್ಕವೆಲ್ಲ ಅದರ ಮೇಲೆ.

ಹಾಗಾದ್ರೆ ಪ್ರತಿ ಸಾಲನ್ನೂ ರೌಂಡ್ ಮಾಡಿಬಿಡೋಣ ಅಂದೆ. ಒಟ್ಟು 30 ಬರುತ್ತೆ, ಲೆಕ್ಕ ಸರಿ. ಆದ್ರೆ ದಾದಾಗೆ ಒಂದು ಬಿಲ್‌ಗೆ 1.20 ನಷ್ಟ! ಎಲ್ಲಿ ರೌಂಡ್ ಮಾಡಬೇಕು ಅನ್ನೋದನ್ನ ಕೋಡ್ ಬರೆಯೋನು ಒಬ್ಬನೇ ತೀರ್ಮಾನಿಸಬಾರದು, ದುಡ್ಡು ಯಾರದೋ ಅವರನ್ನ ಕೇಳಬೇಕು. ಕೊನೆಗೆ ದಾದಾ ಒಪ್ಪಿದ್ದು ಹೀಗೆ: ಸಾಲುಗಳಲ್ಲಿ ಪೈಸೆ ಕಾಣಲಿ, ಒಟ್ಟು 31.20, ಅದರ ಕೆಳಗೆ "ರೌಂಡ್ ಆಫ್ 0.20" ಕಳೆದು 31. ಜಗಳ ನಿಂತಿತು.

ಇನ್ನೊಂದು ಎಚ್ಚರಿಕೆ. ಪೈಥಾನ್ 3ರಲ್ಲಿ 2.5 ರೌಂಡ್ ಮಾಡಿದ್ರೆ 2, 3.5 ಮಾಡಿದ್ರೆ 4. ಸರಿಯಾಗಿ ಅರ್ಧ ಬಂದ್ರೆ ಅದು ಸಮಸಂಖ್ಯೆಯ ಕಡೆ ಹೋಗುತ್ತೆ. ಆದ್ರೆ ನಮ್ಮ ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ 50 ಪೈಸೆ ಅಥವಾ ಹೆಚ್ಚಿದ್ರೆ ಮುಂದಿನ ರೂಪಾಯಿ. ತೆರಿಗೆ 2.50 ಬಂದ್ರೆ ಕಾನೂನಿಗೆ 3, ಪೈಥಾನ್‌ಗೆ 2. ಜೊತೆಗೆ 2.675ರಂಥ ಸಂಖ್ಯೆ ಫ್ಲೋಟ್‌ನಲ್ಲಿ ಕೂದಲೆಳೆಯಷ್ಟು ಕಡಿಮೆಯಾಗಿ ಕೂತಿರುತ್ತೆ. ಎರಡು ಸ್ಥಾನಕ್ಕೆ ರೌಂಡ್ ಮಾಡಿದ್ರೆ 2.67. ಅದಕ್ಕೇ ದುಡ್ಡಿಗೆ ಡೆಸಿಮಲ್ ಮಾಡ್ಯೂಲ್ ಬಳಸಿ, ಅರ್ಧ ಬಂದ್ರೆ ಮೇಲಕ್ಕೆ ಅನ್ನೋ ನಿಯಮವನ್ನ ನೀವೇ ಹೇಳಿ.

ಇವತ್ತೇ ನಿಮ್ಮ ಪ್ರೋಗ್ರಾಂನ ಒಂದು ಬಿಲ್ ತೆಗೆದು, ಕಾಣೋ ಅಂಕಿಗಳನ್ನ ಪೆನ್ನು ಹಿಡಿದು ಕೂಡಿ ನೋಡಿ. ಗಿರಾಕಿ ಮಾಡೋದೂ ಅದನ್ನೇ.