ಆಂಪ್ಲಿಫೈಯರಿನ ದಪ್ಪ ತಂತಿ ಕೊಳ್ಳುವ ವಿಚಾರ

(ಮುಂಬಯಿಯಲ್ಲಿ ಸಂಘದ ಚಾಲಕ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ನಮ್ಮ ಸಭೆಗಳಲ್ಲಿ ಸಾಧಾರಣವಾಗಿ ಪಗಾರ, ಬೋನಸ್, ಪ್ರಾವಿಡೆಂಟ್ ಫಂಡು, ರಜೆ ಇವುಗಳ ಮಾತೇ ಹೆಚ್ಚು. ಈ ಸಲ ತಂತಿಯ ವಿಚಾರ ಮಾತಾಡುತ್ತೇವೆಂದು ನೋಟೀಸು ಹಚ್ಚಿದಾಗ ಕೆಲವರು ನಕ್ಕರಂತೆ. ನಗಲಿ. ಹೋಟೆಲಿನಲ್ಲಿ ಮೇಜು ಒರೆಸುತ್ತಿದ್ದ ನಮ್ಮವರಲ್ಲಿ ಎಷ್ಟೋ ಮಂದಿ, 1982ರ ಮುಷ್ಕರದ ನಂತರ ಗಿರಣಿಯ ಬಾಗಿಲು ಮುಚ್ಚಿ ಬೀದಿಗೆ ಬಂದವರ ಮಕ್ಕಳಲ್ಲಿ ಎಷ್ಟೋ ಮಂದಿ, ಇಂದು ಟ್ಯಾಕ್ಸಿ, ಟೂರಿಸ್ಟ್ ಕಾರು, ಟೆಂಪೋ ನಡೆಸಿ ಹೊಟ್ಟೆ ಹೊರೆಯುತ್ತಿದ್ದಾರೆ. ಹೆಚ್ಚಿನ ಗಾಡಿಗಳು ಸಾಲದ ಮೇಲೆ ಬಂದವು. ದಿನಕ್ಕೆ ಹನ್ನೆರಡು ತಾಸು ಚಕ್ರ ಹಿಡಿದು ಕೂರುವವನಿಗೆ ಯಕ್ಷಗಾನದ ಒಂದು ಪದ ಚೆನ್ನಾಗಿ ಕೇಳಬೇಕೆಂಬ ಆಸೆ ಇರಬಾರದೇ? ಇರಲಿ, ಆಂಪ್ಲಿಫೈಯರು ಕೂರಿಸಲಿ. ಆದರೆ ಪೆಟ್ಟಿಗೆಗೂ ಸ್ಪೀಕರಿಗೂ ಸಾವಿರಗಟ್ಟಲೆ ಸುರಿದವರು ಬ್ಯಾಟರಿಯಿಂದ ಅದಕ್ಕೆ ಹೋಗುವ ತಂತಿಯ ಹತ್ತಿರ ಬಂದಾಗ ಕೈ ಬಿಗಿ ಹಿಡಿಯುತ್ತಾರೆ. ಬೆಂಕಿ ಹತ್ತುವುದು ಪೆಟ್ಟಿಗೆಗಲ್ಲ, ಆ ತಂತಿಗೆ.

ನಮ್ಮ ಸದಸ್ಯರೊಬ್ಬರ ಗಾಡಿಯಲ್ಲಿ ಇದೇ ಆಯಿತು. ಹೆಸರು ಬೇಡ, ಅಂಗಡಿಯ ಹೆಸರೂ ಬೇಡ. ಹೆಬ್ಬೆರಳಿನಷ್ಟು ದಪ್ಪ ಕಾಣುವ ಕೆಂಪು ತಂತಿ. ರಬ್ಬರಿನಂಥ ಸಿಪ್ಪೆ ಸುಲಿದರೆ ಒಳಗೆ ಪೆನ್ಸಿಲಿನಷ್ಟೂ ಲೋಹವಿಲ್ಲ. ಸೀಟಿನ ಕೆಳಗಿನ ರತ್ನಗಂಬಳಿ ಸುಟ್ಟಿತು, ಗಾಡಿ ಮೂರು ವಾರ ಗ್ಯಾರೇಜಿನಲ್ಲಿ ನಿಂತಿತು. ಬ್ಯಾಂಕಿನ ಕಂತು ಮಾತ್ರ ನಿಲ್ಲಲಿಲ್ಲ. ಕಂಪನಿ ಕೂರಿಸದ ವಿದ್ಯುತ್ ಸಾಮಾನನ್ನು ವಿಮೆಯ ಪಾಲಿಸಿಯಲ್ಲಿ ಬೇರೆಯಾಗಿ ಬರೆಸಬೇಕು, ಅದನ್ನೂ ಅವರಿಗೆ ಯಾರೂ ಹೇಳಿರಲಿಲ್ಲ.

ಇಷ್ಟು ದಪ್ಪ ತಂತಿ ಏಕೆ ಬೇಕು? ಮನೆಯಲ್ಲಿ 500 ವಾಟಿನ ಮಿಕ್ಸರು ತಿರುಗುವಾಗ ಅದು ಎಳೆಯುವುದು ಎರಡು ಆಂಪಿಯರಿಗಿಂತ ಸ್ವಲ್ಪ ಹೆಚ್ಚು. ಅಲ್ಲಿ 230 ವೋಲ್ಟಿನ ಒತ್ತಡವಿದೆ. ಕಾರಿನ ಬ್ಯಾಟರಿಯದು 12 ವೋಲ್ಟು. ಅದೇ 500 ವಾಟಿಗೆ 40 ಆಂಪಿಯರಿಗೂ ಮಿಕ್ಕಿ ಬೇಕಾಗುತ್ತದೆ. ಮಾಳಿಗೆಯ ಟಾಂಕಿಯಿಂದ ಬರುವ ನೀರಿಗೆ ಸಣ್ಣ ನಳ ಸಾಕು; ಸೊಂಟದೆತ್ತರದ ಪೀಪಾಯಿಯಿಂದ ಅಷ್ಟೇ ನೀರು ಅಷ್ಟೇ ಹೊತ್ತಿನಲ್ಲಿ ಬರಬೇಕಾದರೆ ನಳ ದೊಡ್ಡದಿರಬೇಕು. ಅಷ್ಟೇ ವಿಚಾರ. ನಳ ಸಣ್ಣದಾದರೆ ಇಲ್ಲಿ ನೀರು ಕಡಿಮೆಯಾಗುವುದರ ಜೊತೆಗೆ ನಳವೇ ಕಾಯುತ್ತದೆ.

ಇನ್ನು ಡಬ್ಬದ ಮೇಲಿನ ವಾಟು. ಅದನ್ನು ನಂಬಿ ಲೆಕ್ಕ ಹಾಕಬೇಡಿ. ದೊಡ್ಡ ಅಕ್ಷರದಲ್ಲಿ 2000 ಎಂದು ಹಾಕಿ, ಸಣ್ಣ ಅಕ್ಷರದಲ್ಲಿ ‘ಮ್ಯಾಕ್ಸಿಮಮ್’ ಎಂದು ಬರೆಯುವವರಿದ್ದಾರೆ; ನೋಡಬೇಕಾದದ್ದು ಆರ್.ಎಂ.ಎಸ್. ಎಂಬ ಸಂಖ್ಯೆ. ಇದಕ್ಕಿಂತ ಸುಲಭದ ದಾರಿ ಇನ್ನೊಂದಿದೆ. ಪೆಟ್ಟಿಗೆಯ ಬದಿಯಲ್ಲಿ ಸಿಕ್ಕಿಸಿರುವ ಫ್ಯೂಸುಗಳನ್ನು ನೋಡಿ. 30ರ ಎರಡು ಫ್ಯೂಸು ಇದ್ದರೆ ಆ ಪೆಟ್ಟಿಗೆ ಹೆಚ್ಚೆಂದರೆ 60 ಆಂಪಿಯರಿನ ಆಸಾಮಿ. ಅದರ ಮೇಲೆ ಏನು ಬರೆದಿದ್ದರೂ ಸರಿ, ನಮ್ಮ ಲೆಕ್ಕ 60ಕ್ಕೆ. ಫ್ಯೂಸು ಒಳಗಿರುವ ಪೆಟ್ಟಿಗೆಯಾದರೆ ಜೊತೆಗೆ ಬರುವ ಪುಸ್ತಕದಲ್ಲಿ ಎಷ್ಟರ ಫ್ಯೂಸು ಹಾಕಬೇಕೆಂದು ಬರೆದಿರುತ್ತದೆ.

ಈಗ ಗೇಜಿನ ಮಾತು. ಇದು ನಮ್ಮ ಗಿರಣಿಯ ಹಿರಿಯರಿಗೆ ಬೇಗ ತಿಳಿಯುವಂಥದು. ನೂಲಿನ ಕೌಂಟು ಏರಿದಷ್ಟೂ ನೂಲು ಸಣ್ಣ. 20ರ ನೂಲು ದಪ್ಪ, 80ರದು ನಯ. ತಂತಿಯ ಗೇಜೂ ಹಾಗೆಯೇ. 8 ಗೇಜಿಗಿಂತ 4 ಗೇಜು ದಪ್ಪ, ಅದಕ್ಕಿಂತ 0 ಗೇಜು ದಪ್ಪ. ಕಾರಿನ ಸಾಮಾನಿನ ಡಬ್ಬದ ಮೇಲಿರುವುದು ಅಮೇರಿಕದ ಗೇಜು. ಅದರ ಪ್ರಕಾರ 8 ಎಂದರೆ ಸುಮಾರು 8 ಚದರ ಮಿಲಿಮೀಟರು, 4 ಎಂದರೆ 21, 2 ಎಂದರೆ 33, 0 ಎಂದರೆ 53. ಆದರೆ ಗೇಜು ಎಂಬ ಹೆಸರು ಇಂಗ್ಲೆಂಡಿನ ಅಳತೆಗೂ ಉಂಟು, ಎರಡರ ಸಂಖ್ಯೆಗಳು ಹೊಂದುವುದಿಲ್ಲ. ಬರಿಯ ‘ಗೇಜು’ ಎಂದು ಹೇಳಿ ಕೊಡುವವನು ಯಾವುದನ್ನು ಹೇಳಿದನೋ ದೇವರೇ ಬಲ್ಲ. ಆದುದರಿಂದ ಗೇಜು ಕೇಳದೆ ಚದರ ಮಿಲಿಮೀಟರು ಕೇಳಿ. ಸಿಪ್ಪೆಯ ದಪ್ಪವನ್ನಂತೂ ನೋಡಲೇಬೇಡಿ.

ಎಷ್ಟು ಚದರ ಮಿಲಿಮೀಟರು ಬೇಕು? ಮುಂದಿನ ಬಾನೆಟ್ಟಿನಿಂದ ಹಿಂದಿನ ಡಿಕ್ಕಿಗೆ ತಂತಿ ಎಳೆದರೆ ಸುಮಾರು ಐದು ಮೀಟರು ಆಗುತ್ತದೆ. ಅಷ್ಟು ದೂರಕ್ಕೆ ಶುದ್ಧ ತಾಮ್ರವಾದರೆ ಆಂಪಿಯರನ್ನು ಮೂರರಿಂದ ಭಾಗಿಸಿ. ಬಂದ ಸಂಖ್ಯೆಗಿಂತ ಕಡಿಮೆಯಾಗದ ತಂತಿ ತೆಗೆದುಕೊಳ್ಳಿ. 30 ಆಂಪಿಯರಿಗೆ 10, 100 ಆಂಪಿಯರಿಗೆ 35. 60ಕ್ಕೆ 20 ಬರುತ್ತದೆ, ಆದರೆ ಅಂಗಡಿಯಲ್ಲಿ ಸಿಗುವುದು 16 ಇಲ್ಲವೆ 25; 25 ಕೊಳ್ಳಿ. ಹೀಗೆ ಮಾಡಿದರೆ ದಾರಿಯಲ್ಲಿ ಸೋರುವುದು ಕಾಲು ವೋಲ್ಟಿನ ಆಸುಪಾಸು ಮಾತ್ರ. ಸಣ್ಣ ಪೆಟ್ಟಿಗೆಯ ಗಾಡಿಗೆ ದೊಡ್ಡ ತಂತಿ ಹಾಕಿದರೆ ಕೆಡುಕೇನೂ ಇಲ್ಲ, ದುಡ್ಡು ಮಾತ್ರ ಹೆಚ್ಚು. ಆದರೆ 100 ಆಂಪಿಯರಿನ ಪೆಟ್ಟಿಗೆ ಸಣ್ಣ ಕಾರಿಗೆ ಬೇಕೇ ಎಂದು ಮೊದಲು ಕೇಳಿಕೊಳ್ಳಿ. ಅಂಥ ಕಾರಿನ ಆಲ್ಟರ್ನೇಟರೇ ಅಷ್ಟು ಕೊಡಲಾರದು. ತಂತಿ ಎಷ್ಟು ದಪ್ಪವಿದ್ದರೂ ಬಾವಿಯಲ್ಲಿ ನೀರಿರಬೇಕಷ್ಟೆ.

ಮೋಸ ಇರುವುದು ಮುಂದಿನ ಮಾತಿನಲ್ಲಿ. ಡಬ್ಬದ ಮೇಲೆ ಸಿ.ಸಿ.ಎ. ಎಂಬ ಮೂರಕ್ಷರ ಇದ್ದರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯುಮಿನಿಯಂ. ಒಳಗೆಲ್ಲ ಅಲ್ಯುಮಿನಿಯಂ, ಮೇಲೆ ಕೂದಲೆಳೆಯಷ್ಟು ತಾಮ್ರ. ಅದರಲ್ಲಿ ವಿದ್ಯುತ್ತು ಹರಿಯುವುದು ತಾಮ್ರದ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆ. ಇದನ್ನು ಮಾರುವುದೇ ಪಾಪವೆಂದು ನಾವು ಹೇಳುವುದಿಲ್ಲ. ಕಾಫಿಗೆ ಚಿಕೋರಿ ಬೆರೆಸುತ್ತಾರೆ. ಇಷ್ಟು ಪಾಲು ಎಂದು ಚೀಟಿಯಲ್ಲಿ ಬರೆದು, ಆ ಬೆಲೆಗೇ ಕೊಟ್ಟರೆ ಯಾರೂ ತಕರಾರು ಮಾಡುವುದಿಲ್ಲ. ಸಿ.ಸಿ.ಎ. ತೆಗೆದುಕೊಳ್ಳುವುದಾದರೆ ನಮ್ಮ ಲೆಕ್ಕದ ಒಂದೂವರೆ ಪಟ್ಟಿಗಿಂತ ಮಿಕ್ಕಿ ದಪ್ಪ ತೆಗೆದುಕೊಳ್ಳಬೇಕು. ಆದರೆ ಸಿ.ಸಿ.ಎ. ಎಂದು ಬರೆಯದೆ, 4 ಗೇಜು ಎಂದು ಅಚ್ಚು ಹಾಕಿ, ಒಳಗೆ 12 ಚದರ ಮಿಲಿಮೀಟರಿನ ಅಲ್ಯುಮಿನಿಯಂ ತುಂಬಿ ಕೊಟ್ಟರೆ? 60 ಆಂಪಿಯರಿಗೆ ಐದು ಮೀಟರಿನಲ್ಲಿ ಸುಮಾರು 0.7 ವೋಲ್ಟು ಸೋರುತ್ತದೆ, 40 ವಾಟಿನಷ್ಟು ಕಾವು ತಂತಿಯಲ್ಲಿಯೇ ಹುಟ್ಟುತ್ತದೆ. ರತ್ನಗಂಬಳಿಯ ಕೆಳಗೆ, ಗಾಳಿಯಾಡದ ಕಡೆ, 40 ವಾಟಿನ ದೀಪದ ಕಾವನ್ನು ಮುಚ್ಚಿಟ್ಟಂತೆ. ಅದಕ್ಕಿಂತ ಕೆಟ್ಟದ್ದು ತುದಿಗಳ ಕಥೆ. ಸ್ಕ್ರೂವಿನ ಒತ್ತಡಕ್ಕೆ ಅಲ್ಯುಮಿನಿಯಂ ಕಾಲಕ್ರಮದಲ್ಲಿ ಬಗ್ಗಿ ಸಡಿಲವಾಗುತ್ತದೆ. ಲೇಪ ಕಿತ್ತುಹೋದ ಕಡೆ ಮುಂಬಯಿಯ ಮಳೆಗಾಲದ ತೇವಕ್ಕೆ ಬಿಳಿಯ ಪುಡಿ ಕಟ್ಟುತ್ತದೆ. ಸಡಿಲವಾದ ತುದಿ ಕಾಯುತ್ತದೆ, ಕಾದದ್ದು ಇನ್ನೂ ಸಡಿಲವಾಗುತ್ತದೆ.

ಇದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಒಂದು ಎಳೆಯನ್ನು ಚೂರಿಯಿಂದ ಕೆರೆಯಿರಿ. ಹೊರಗೆ ಕೆಂಪು, ಒಳಗೆ ಬಿಳಿ ಕಂಡರೆ ಅಲ್ಯುಮಿನಿಯಂ. ಹೊರಗೆ ಬಿಳಿ, ಒಳಗೆ ಕೆಂಪಾದರೆ ಹೆದರಬೇಡಿ; ಅದು ತಾಮ್ರಕ್ಕೆ ತವರದ ಲೇಪ, ಹೋಟೆಲಿನ ಪಾತ್ರೆಗೆ ಕಲಾಯಿ ಹಾಕಿಸಿದ ಹಾಗೆ, ಸಮುದ್ರದ ಗಾಳಿಗೆ ಒಳ್ಳೆಯದೇ. ಎರಡನೆಯದು ತಕ್ಕಡಿ. ಹತ್ತು ಸೆಂಟಿಮೀಟರಿನ ತುಂಡು ಕತ್ತರಿಸಿ ಸಿಪ್ಪೆ ತೆಗೆದು ತೂಗಿ. 25 ಚದರ ಮಿಲಿಮೀಟರಿನ ತಾಮ್ರವಾದರೆ 20ರಿಂದ 22 ಗ್ರಾಂ ತೂಗಬೇಕು. ಅದೇ ದಪ್ಪದ ಸಿ.ಸಿ.ಎ. 8 ಗ್ರಾಂ ಹತ್ತಿರ ನಿಲ್ಲುತ್ತದೆ. ತಾಮ್ರವೆಂದು ಕೆರೆದು ಖಾತ್ರಿಯಾದ ಮೇಲೆ ತುಂಡಿನ ಗ್ರಾಮಿಗೆ ಅದರ ಹತ್ತರಲ್ಲೊಂದು ಕೂಡಿಸಿದರೆ ಚದರ ಮಿಲಿಮೀಟರಿನ ಅಂದಾಜು ಸಿಗುತ್ತದೆ. ಇಷ್ಟು ಲೆಕ್ಕ ನಮ್ಮ ಯಾವ ಹುಡುಗನಿಗೂ ಬರುತ್ತದೆ. ತುಂಡು ಕೊಡದವನ ಹತ್ತಿರ ತಂತಿ ಕೊಳ್ಳುವ ಅಗತ್ಯವೇ ಇಲ್ಲ.

ಇನ್ನೊಂದು ಪರೀಕ್ಷೆಗೆ ಚೂರಿಯೂ ಬೇಡ, ತಕ್ಕಡಿಯೂ ಬೇಡ. ಐದು ಮೀಟರು 25ರ ತಂತಿಯಲ್ಲಿ ಒಂದು ಕಿಲೋಗಿಂತ ಕಡಿಮೆ ತಾಮ್ರ ಇರುವಂತಿಲ್ಲ. ನಿಮ್ಮ ಚಾಳಿನ ಹತ್ತಿರದ ಭಂಗಾರ್ ಅಂಗಡಿಯಲ್ಲಿ ಆ ದಿನ ಹಳೆಯ ತಾಮ್ರಕ್ಕೆ ಕಿಲೋಗೆ ಏನು ಕೊಡುತ್ತಾರೆಂದು ಕೇಳಿ. ತಂತಿ, ಫ್ಯೂಸು, ತುದಿ ಎಲ್ಲ ಸೇರಿದ ಹೊಸ ‘ಕಿಟ್ಟು’ ಅದಕ್ಕಿಂತ ಅಗ್ಗವಾಗಿ ಸಿಗುತ್ತಿದ್ದರೆ ಅದರಲ್ಲಿ ತಾಮ್ರ ಎಲ್ಲಿಂದ ಬರಬೇಕು? ಯಾವ ಸಾಹುಕಾರನೂ ನಮಗಾಗಿ ನಷ್ಟಕ್ಕೆ ಮಾರುವುದಿಲ್ಲ.

ಓ.ಎಫ್.ಸಿ. ಅಂದರೆ ಆಮ್ಲಜನಕವಿಲ್ಲದ ತಾಮ್ರವೆಂದು ಹೇಳಿ ಹೆಚ್ಚು ಹಣ ಕೇಳುವವರೂ ಇದ್ದಾರೆ. ತಾಮ್ರವೆಂಬುದು ನಿಜವಾದರೆ ಸರಿಯೇ. ಆದರೆ ವಿದ್ಯುತ್ತು ಒಯ್ಯುವುದರಲ್ಲಿ ಅದಕ್ಕೂ ಮಾಮೂಲಿ ಎಲೆಕ್ಟ್ರಿಕ್ ತಾಮ್ರಕ್ಕೂ ಇರುವ ವ್ಯತ್ಯಾಸ ನೂರಕ್ಕೆ ಒಂದರಷ್ಟು. ಅದಕ್ಕೆಂದು ಇಮ್ಮಡಿ ಬೆಲೆ ಕೊಡಬೇಕಾಗಿಲ್ಲ. ಕಾರಿನ ಅಲಂಕಾರದ ಅಂಗಡಿ ಬಿಟ್ಟು ಕ್ರಾಫರ್ಡ್ ಮಾರ್ಕೆಟ್ಟಿನ ಹತ್ತಿರದ ಲೋಹಾರ್ ಚಾಳಿಗೆ ಹೋಗಿ, ಭಾರತೀಯ ಮಾನಕದ ಗುರುತಿರುವ ತಾಮ್ರದ ತಂತಿ ಮೀಟರಿನ ಲೆಕ್ಕದಲ್ಲಿ ಕೇಳಿ. ಮೋಟಾರು ಗಾಡಿಯ ತಂತಿಗೆ ಐ.ಎಸ್. 2465 ಎಂಬ ಮಾನಕವಿದೆ. ವೆಲ್ಡಿಂಗ್ ತಂತಿಯೂ ಆಗುತ್ತದೆ. ನೂರಾರು ಸಣ್ಣ ಎಳೆಗಳಿಂದ ಹೊಸೆದದ್ದು, ಆದುದರಿಂದ ಮೆತ್ತಗೆ ಬಾಗುತ್ತದೆ. ಆದರೆ ವೆಲ್ಡಿಂಗ್ ತಂತಿಯಲ್ಲೂ ಅಲ್ಯುಮಿನಿಯಂ ಉಂಟು, ಕೆರೆದು ನೋಡಿ. ಬಿಲ್ಲು ತೆಗೆದುಕೊಳ್ಳಿ, ಬಿಲ್ಲಿನಲ್ಲಿ ‘ತಾಮ್ರ’ ಎಂಬ ಮಾತೂ ಚದರ ಮಿಲಿಮೀಟರೂ ಬರೆಸಿ. ಬರೆಯಲು ಹಿಂಜರಿದರೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ.

ಕೂರಿಸುವ ವಿಚಾರ. ಬ್ಯಾಟರಿಯ ಕೊಂಡಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸು ಇರಲೇಬೇಕು. ಪೆಟ್ಟಿಗೆಯಲ್ಲಿ ಫ್ಯೂಸು ಇದೆಯಲ್ಲ ಎಂದು ಮಿಸ್ತ್ರಿ ಹೇಳಿದರೆ ಒಪ್ಪಬೇಡಿ. ಆ ಫ್ಯೂಸು ಪೆಟ್ಟಿಗೆಯನ್ನು ಕಾಯುತ್ತದೆ, ಈ ಫ್ಯೂಸು ತಂತಿಯನ್ನು ಕಾಯುತ್ತದೆ. ಬಾನೆಟ್ಟಿನಿಂದ ಒಳಗೆ ಬರುವ ತೂತಿನಲ್ಲಿ ತಗಡಿಗೆ ತಿಕ್ಕಿ ತಂತಿಯ ಸಿಪ್ಪೆ ಹರಿದರೆ, ಬ್ಯಾಟರಿ ಒಂದೇ ಸಲ ನೂರಾರು ಆಂಪಿಯರು ಸುರಿಯುತ್ತದೆ. ಆಗ ತಂತಿ ಕೆಂಪಗಾಗುವುದಕ್ಕೆ ಹೆಚ್ಚು ಹೊತ್ತು ಬೇಡ. 25ರ ತಂತಿಗೆ, 60ರ ಪೆಟ್ಟಿಗೆಗೆ, 80ರ ಫ್ಯೂಸು ಸಾಕು. ಹಾರಿಹೋದರೆ ಚಾಳಿನ ಮೀಟರಿನಲ್ಲಿ ಮಾಡುವಂತೆ ಸಿಗರೇಟಿನ ಬೇಗಡೆ ಸುತ್ತುವ ಬುದ್ಧಿವಂತಿಕೆ ಇಲ್ಲಿ ಬೇಡ. ತಗಡಿನ ತೂತಿಗೆ ರಬ್ಬರಿನ ಉಂಗುರ ಹಾಕಿಸಿ. ನೆಲದ ತಂತಿ, ಅಂದರೆ ಅರ್ಥಿಂಗು, ಬಂದ ತಂತಿಯಷ್ಟೇ ದಪ್ಪವಿರಬೇಕು. ಬಣ್ಣ ಕೆರೆದು ಬರಿಯ ಕಬ್ಬಿಣಕ್ಕೆ ಬೋಲ್ಟು ಹಾಕಿ ಬಿಗಿಯಬೇಕು. ಹಾಡಿನ ಸಣ್ಣ ತಂತಿಯನ್ನು ಗಾಡಿಯ ಇನ್ನೊಂದು ಬದಿಯಿಂದ ತೆಗೆದುಕೊಂಡು ಹೋದರೆ ಇಂಜಿನ್ನಿನ ಕೊಂಯ್ಯೆಂಬ ಸದ್ದು ಸ್ಪೀಕರಿಗೆ ಬರುವುದು ಕಡಿಮೆ.

ಮುಂಬಯಿಯ ಟ್ಯಾಕ್ಸಿಯವರು ಇದನ್ನು ಇನ್ನೂ ಗಮನವಿಟ್ಟು ಕೇಳಬೇಕು. ನಮ್ಮ ಹೆಚ್ಚಿನ ಗಾಡಿಗಳು ಸಿ.ಎನ್.ಜಿ.ಯವು. ಡಿಕ್ಕಿಯಲ್ಲಿ ಆಂಪ್ಲಿಫೈಯರಿನ ನೆರೆಯಲ್ಲೇ ಗ್ಯಾಸಿನ ಸಿಲಿಂಡರು, ತುಂಬಿದಾಗ ಅದರೊಳಗೆ 200 ಬಾರ್ ಒತ್ತಡ. ಗಾಡಿಯ ಅಡಿಯಲ್ಲಿ ಗ್ಯಾಸಿನ ನಳ ಹಾದುಹೋಗುತ್ತದೆ. ಅರ್ಥಿಂಗಿನ ಬೋಲ್ಟನ್ನು ಸಿಲಿಂಡರಿನ ಪಟ್ಟಿಗೆ ಹಾಕುವುದು, ಆ ನಳಕ್ಕೆ ತಂತಿ ಕಟ್ಟುವುದು, ಕೆಳಗೇನಿದೆ ಎಂದು ನೋಡದೆ ನೆಲಕ್ಕೆ ತೂತು ಕೊರೆಯುವುದು, ಈ ಮೂರನ್ನೂ ಮಾಡುವ ಮಿಸ್ತ್ರಿಗಳಿದ್ದಾರೆ. ಸಾಧ್ಯವಾದರೆ ಪೆಟ್ಟಿಗೆಯನ್ನು ಮುಂದಿನ ಸೀಟಿನ ಕೆಳಗೇ ಕೂರಿಸಿ. ಸಿಲಿಂಡರಿನಿಂದ ದೂರವೂ ಆಯಿತು, ಐದು ಮೀಟರಿನ ತಂತಿ ಎರಡು ಎರಡೂವರೆಗೆ ಇಳಿಯಿತು. ದೂರ ಅರ್ಧವಾದರೆ ಸೋರಿಕೆಯೂ ಅರ್ಧ. ಆದರೆ ದೂರ ಕಡಿಮೆಯಾಯಿತೆಂದು ತಂತಿಯನ್ನು ಸಣ್ಣದು ಮಾಡಬೇಡಿ. 60 ಆಂಪಿಯರಿಗೆ ತಂತಿ ಕಾಯುವುದು ಅದೇ ಕಾವು.

ಸಂಘದ ಕಡೆಯಿಂದ ಒಂದು ಸೂಚನೆ ಇದೆ. ಒಬ್ಬೊಬ್ಬರೇ ಹೋಗಿ ಐದೈದು ಮೀಟರು ಕೇಳಿದರೆ ವ್ಯಾಪಾರಿ ಮುಖ ಎತ್ತಿ ನೋಡುವುದಿಲ್ಲ. ಇಪ್ಪತ್ತು ಗಾಡಿಯವರು ಕೂಡಿದರೆ 25ರ ತಂತಿಯ 100 ಮೀಟರಿನ ಒಂದು ಸುರುಳಿಯನ್ನೇ ತೆಗೆಯಬಹುದು, ಸಗಟು ಬೆಲೆಯಲ್ಲಿ, ಕಂಪನಿಯ ಚೀಟಿಯ ಸಮೇತ. ಕೆಂಪು ಒಂದು, ಅರ್ಥಿಂಗಿಗೆ ಕಪ್ಪು ಸ್ವಲ್ಪ. ಹೆಸರು ಕೊಡುವವರು ಮೊದಲು ಒಂದು ನೂಲಿನ ಹಗ್ಗ ತೆಗೆದುಕೊಂಡು, ತಂತಿ ಹೋಗಬೇಕಾದ ದಾರಿಯಲ್ಲೇ ಬಾಗಿಸಿ ಎಳೆದು, ಅಳತೆಯನ್ನೂ ಪೆಟ್ಟಿಗೆಯ ಫ್ಯೂಸಿನ ಸಂಖ್ಯೆಯನ್ನೂ ಚೀಟಿಯಲ್ಲಿ ಬರೆದು ತರಬೇಕು. ಅಳತೆಗೆ ಅರ್ಧ ಮೀಟರು ಹೆಚ್ಚು ಸೇರಿಸಿ, ಏಕೆಂದರೆ ತುಂಡಾದ ತಂತಿಗೆ ಗಂಟು ಹಾಕುವಂತಿಲ್ಲ. ಮುಂಗಡವನ್ನು ಕಾರ್ಯದರ್ಶಿಗಳ ಹತ್ತಿರ ಕೊಟ್ಟು ರಶೀದಿ ಪಡೆಯಿರಿ. ಲೋಹಾರ್ ಚಾಳಿಗೆ ನಮ್ಮೊಡನೆ ಇಬ್ಬರು ಚಾಲಕ ಸದಸ್ಯರು ಬರಲಿ, ತುಂಡು ಅವರ ಕಣ್ಣೆದುರೇ ತೂಗಲಿ. ತಕ್ಕಡಿ ನಾವು ತರುತ್ತೇವೆ.